ದೀಪದ ಹೊತ್ತಿನ ಬಾಗಿಲು

ಮಸಿನಗುಡಿಯಲ್ಲಿ ನಾಯಿ ಸಾಕುವುದೆಂದರೆ ಚಿರತೆಗೆ ಬುತ್ತಿ ಕಟ್ಟಿಟ್ಟ ಹಾಗೆ ಎಂದು ನನಗೆ ಹೇಳದವರಿಲ್ಲ. ರವಿಕೆ ಹೊಲಿಸಲು ಬಂದವರು ಅಳತೆ ಕೊಡುತ್ತಾ ಹೇಳುತ್ತಾರೆ, ಹಾಲು ಹಾಕಲು ಬಂದವರು ಪಾತ್ರೆಗೆ ಸುರಿಯುತ್ತಾ ಹೇಳುತ್ತಾರೆ. ಕೇಳಿಸಿಕೊಳ್ಳುತ್ತೇನೆ. ಆಮೇಲೆ ನನಗೆ ತೋಚಿದ್ದನ್ನೇ ಮಾಡುತ್ತೇನೆ. ನನ್ನದು ಸ್ವಲ್ಪ ಹಟದ ಸ್ವಭಾವ. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎಂದು ನಮ್ಮ ಯಜಮಾನರು ಜೀಪು ತೊಳೆಯುವಾಗಲೆಲ್ಲ ಗೊಣಗುತ್ತಿರುತ್ತಾರೆ.

ನಮ್ಮದು ಬೀದಿಯ ಕೊನೆಯ ಮನೆ. ಮುಂದೆ ಉದ್ದದ ಜಗಲಿ, ಅದರ ಮುಂದೆ ಸಗಣಿ ಒಣಹಾಕುವ ಕಣ. ಕಣ ದಾಟಿದರೆ ಲಾಂಟಾನಾ ಪೊದೆ, ಪೊದೆ ದಾಟಿದರೆ ಕಾಡು. ಮನೆಯಲ್ಲಿ ನಾನು, ಪ್ರವಾಸಿಗರಿಗೆ ಜೀಪು ಓಡಿಸುವ ಯಜಮಾನರು, ಎಂಬತ್ತು ದಾಟಿದ ಅತ್ತೆ. ಮಿಕ್ಕವರೆಲ್ಲ ಯಾರಿಗೂ ಬೇಡವಾಗಿ ನಮ್ಮ ಪಾಲಿಗೆ ಬಂದವರು.

ನಮ್ಮಲ್ಲಿ ಪ್ರಾಣಿಗಳಿಗೆ ಹೆಸರು ಹುಡುಕುವ ರೂಢಿಯಿಲ್ಲ, ಕಣ್ಣಿಗೆ ಕಂಡದ್ದೇ ಹೆಸರು. ಕುಂಟಿ ತೆಪ್ಪಕಾಡಿನ ರಸ್ತೆಯಲ್ಲಿ ಯಾರದೋ ಕಾರಿನ ಚಕ್ರಕ್ಕೆ ಸಿಕ್ಕಿದವಳು. ಹೊಲಿಯಲು ಕೊಟ್ಟಿದ್ದ ಗಿರಾಕಿಯೊಬ್ಬರ ರೇಷ್ಮೆ ಬಟ್ಟೆಯಲ್ಲೇ ಅವಳನ್ನು ಸುತ್ತಿ ತಂದೆ. ಕಾಲು ಉಳಿಯಲಿಲ್ಲ, ನಾಯಿ ಉಳಿಯಿತು, ಗಿರಾಕಿ ಉಳಿಯಲಿಲ್ಲ. ದೊರೆ ರೆಸಾರ್ಟಿನವನು. ರೆಸಾರ್ಟು ಮುಚ್ಚಿದಾಗ ಹಾಸಿಗೆ, ಕುರ್ಚಿ, ಫ್ರಿಜ್ಜು ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಹೋದವರು ಇವನನ್ನು ಗೇಟಿನ ಮುಂದೆ ಬಿಟ್ಟುಹೋದರು. ಬ್ರೆಡ್ಡು ಬಿಟ್ಟು ಬೇರೆ ತಿನ್ನದ ದಪ್ಪ ನಾಯಿ, ಕಾಡೆಂದರೆ ಏನೆಂದು ಗೊತ್ತಿಲ್ಲದ ನಾಯಿ. ಕಿವಿ ಸೋರಿ ಸೋರಿ ಪೂರ್ತಿ ಕಿವುಡಾಗಿತ್ತು. ಒಕ್ಕಣ್ಣಿ ಮತ್ತು ಅವಳ ಮಗಳು ಬೆಕ್ಕುಗಳು, ಬಸ್ ಸ್ಟ್ಯಾಂಡಿನಲ್ಲಿ ಬಾಯಿ ಕಟ್ಟಿ ಎಸೆದಿದ್ದ ಅಕ್ಕಿ ಚೀಲದಿಂದ ಎದ್ದು ಬಂದವರು. ಕೆಂಪಿಯನ್ನು ನಾನು ತಂದದ್ದಲ್ಲ. ನಲ್ಲಿ ಪಕ್ಕದ ಚರಂಡಿಯಲ್ಲಿ ಕೂಗುತ್ತಿದ್ದ ಮರಿಯನ್ನು ಸೆರಗಿನಲ್ಲಿ ಹಾಕಿಕೊಂಡು ಬಂದವರು ನಮ್ಮ ಅತ್ತೆ. ನಮ್ಮ ಮನೆಯಲ್ಲಿ ಬುದ್ಧಿ ಇದ್ದ ನಾಯಿ ಅದೊಂದೇ.

ಅತ್ತೆಗೆ ದೀಪದ ಹೊತ್ತು ಅಂದರೆ ದೀಪದ ಹೊತ್ತು. ಸೂರ್ಯ ಬೆಟ್ಟದ ಹಿಂದೆ ಇಳಿಯುತ್ತಿದ್ದಂತೆ ಹಿತ್ತಲ ಬಾಗಿಲಿಗೆ ಅಗುಳಿ ಹಾಕಬೇಕು, ಮುಂಬಾಗಿಲಿನ ಎರಡೂ ಕದವನ್ನು ಹಾರು ಹೊಡೆದು ಪೂರ್ತಿ ತೆರೆದಿಡಬೇಕು. ಲಕ್ಷ್ಮಿ ಮುಂದಿನಿಂದ ಬರುತ್ತಾಳೆ, ಬಂದವಳು ಹಿಂದಿನಿಂದ ಹೊರಟುಹೋಗಬಾರದು. ಆ ಅರ್ಧ ಗಂಟೆ ನಾನು ಸೂಜಿ ಮುಟ್ಟುವಂತಿಲ್ಲ, ಕಸ ಗುಡಿಸುವಂತಿಲ್ಲ. ಅವರು ಹೊಸ್ತಿಲ ಒಳಗೆ ಹಿತ್ತಾಳೆ ತಟ್ಟೆಯ ಮೇಲೆ ದೀಪ ಹಚ್ಚಿಟ್ಟು, ಕಣ್ಣು ಮುಚ್ಚಿ ಕೂರುತ್ತಿದ್ದರು. ಕೆಂಪಿ ಅವರ ಕಾಲಡಿಯಲ್ಲಿ, ಹೊಸ್ತಿಲಿಗೆ ತಲೆ ಆನಿಸಿಕೊಂಡು ಮಲಗುತ್ತಿದ್ದಳು. ನಾನು ಮದುವೆಯಾಗಿ ಬಂದ ದಿನದಿಂದ ಆ ಹೊತ್ತಿನಲ್ಲಿ ಆ ಬಾಗಿಲು ಒಂದು ದಿನವೂ ಮುಚ್ಚಿರಲಿಲ್ಲ.

ಪೊಂಗಲ್ ಕಳೆದ ಮೇಲಿನ ಒಂದು ಸಂಜೆ. ಕಾಡು ಒಣಗಿ ಎಲೆಯೆಲ್ಲ ಉದುರಿತ್ತು. ನಾನು ಅಡಿಗೆಮನೆಯಲ್ಲಿ ರಾಗಿಹಿಟ್ಟು ತೊಳಸುತ್ತಿದ್ದೆ. ಹಿತ್ತಾಳೆ ತಟ್ಟೆ ನೆಲಕ್ಕೆ ಬಡಿದ ಸದ್ದಾಯಿತು, ಜೊತೆಗೆ ಕೆಂಪಿಯ ಒಂದೇ ಒಂದು ಕೂಗು. ಕೋಲು ಹಿಡಿದು ಓಡಿ ಬಂದೆ. ದೀಪ ಮಗುಚಿ ಎಣ್ಣೆ ಹರಿದಿತ್ತು, ಬೆಕ್ಕುಗಳು ಅಟ್ಟ ಹತ್ತಿದ್ದವು. ಅತ್ತೆ ಗೋಡೆಗೆ ಒರಗಿ ಎರಡೂ ಕೈಯನ್ನು ಬಾಗಿಲ ಕಡೆ ಚಾಚಿಕೊಂಡಿದ್ದರು. ಕೆಂಪಿ ಇರಲಿಲ್ಲ. ಕುಂಟಿ ಮೂರು ಕಾಲಲ್ಲಿ ಹಿತ್ತಲಿಗೆ ಓಡಿ, ಅಗುಳಿ ಹಾಕಿದ ಬಾಗಿಲನ್ನು ಕೆರೆಯುತ್ತಾ ಉಚ್ಚೆ ಹೊಯ್ದುಕೊಂಡಿದ್ದಳು. ದೊರೆ ಮಾತ್ರ ಮೂಲೆಯಲ್ಲಿ ಮಲಗಿದವನು ಮಲಗೇ ಇದ್ದ. ಅವನಿಗೆ ಏನೂ ಕೇಳಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅರಣ್ಯ ಇಲಾಖೆಯ ವಾಚರ್ ಬಂದ. ಕಾಡಿನೊಳಗಿನ ಹಾಡಿಯವನು, ಹುಟ್ಟಿದಾಗಿನಿಂದ ಕಾಡು ನೋಡಿದವನು. ಕಣದ ಪುಡಿ ಸಗಣಿಯ ಮೇಲೆ ಕೂತು ಚಿರತೆಯ ಹೆಜ್ಜೆ ನೋಡಿ ಹೇಳಿದ, “ಅಕ್ಕಾ, ಇದು ನೆನ್ನ ಒಂದಿನ ಬಂದದ್ದಲ್ಲ. ನಾಕೈದು ದಿನದಿಂದ ಈ ಪೊದೇಲಿ ಕುಂತು ನೋಡ್ಯದ. ನಿಮ್ಮನೆ ಬಾಗ್ಲು ಯಾವೊತ್ತಲ್ಲಿ ತಗೀತಾರ ಅಂತ ಅದ್ಕ ಗೊತ್ತು.”

ಎರಡು ದಿನ ಕಣ್ಣೀರು ಹಾಕಿದೆ. ಮೂರನೇ ದಿನ ಸಿಟ್ಟು ಬಂತು. ಚಿರತೆಯ ಮೇಲಲ್ಲ, ಅದರ ಹೊಟ್ಟೆಪಾಡು ಅದಕ್ಕೆ. ನನ್ನ ಮೇಲೆಯೇ. ಊರೆಲ್ಲ ಹೇಳುತ್ತಿದ್ದದ್ದು ಹೌದೇ ಆಗಿಬಿಟ್ಟಿತಲ್ಲ. ಯಾರೋ ಎಸೆದದ್ದನ್ನು ಎತ್ತಿ ತಂದು, ಅನ್ನ ಹಾಕಿ, ಹೊಸ್ತಿಲಲ್ಲಿಟ್ಟು ಬಡಿಸಿದ ಹಾಗಾಯಿತು. ಉಳಿದ ನಾಲ್ಕರಲ್ಲಿ ಒಂದನ್ನೂ ಬಿಟ್ಟುಕೊಡುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದೆ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದು ಯಜಮಾನರು ಅಂದರು. ಕೋಟೆಯಲ್ಲಿ ಇನ್ನೂ ನಾಲ್ಕು ಜೀವ ಇವೆಯಲ್ಲ ಎಂದೆ. ಆಳು ಕರೆದು ಕಣದಾಚೆಯ ಲಾಂಟಾನಾವನ್ನು ಬುಡಸಹಿತ ಕೀಳಿಸಿದೆ, ನಾನೂ ಕೈ ಹಾಕಿದ್ದಕ್ಕೆ ಕೈಯೆಲ್ಲ ಮುಳ್ಳು. ಮಾಡು ಮತ್ತು ಗೋಡೆ ಸೇರುವಲ್ಲಿ ಇದ್ದ ಸಂದಿಗೆ ತಂತಿ ಬಲೆ ಹೊಡೆಸಿದೆ. ಜೀಪಿನ ಹಳೆಯ ಬೆಲ್ಟು ಕತ್ತರಿಸಿ, ಚಿರತೆ ಕತ್ತಿಗೆ ಬಾಯಿ ಹಾಕದಂತೆ ಹೊರಮುಖವಾಗಿ ಮೊಳೆ ಚುಚ್ಚಿ, ಒಳಗೆ ಕ್ಯಾನ್ವಾಸಿನ ಒಳಪದರ ಕೊಟ್ಟು ಎರಡು ಕತ್ತಿನ ಪಟ್ಟಿ ಹೊಲಿದೆ. ನಾನು ಹೊಲಿದ ಬಟ್ಟೆಗಳಲ್ಲೆಲ್ಲ ಅಷ್ಟು ಚೆನ್ನಾಗಿ ಬಂದದ್ದು ಇನ್ನೊಂದಿಲ್ಲ. ದೊರೆ ಅದನ್ನು ಹಾಕಿಕೊಂಡು ನಿಜಕ್ಕೂ ದೊರೆಯ ಹಾಗೇ ಓಡಾಡಿದ. ಪಶುವೈದ್ಯರು ಊರಿಗೆ ಬಂದ ದಿನ ನಾಲ್ವರಿಗೂ ಸೂಜಿ ಹಾಕಿಸಿದೆ. ಗೂಡಲೂರಿನ ವೆಲ್ಡಿಂಗ್ ಅಂಗಡಿಯವನಿಂದ ಮುಂಬಾಗಿಲಿಗೆ ಕಬ್ಬಿಣದ ಬಲೆ ಬಾಗಿಲು ಮಾಡಿಸಿ, ಮರದ ಬಾಗಿಲಿನ ಹೊರಗೆ ಕೂರಿಸಿದೆ. ಮರದ್ದು ತೆರೆದಿರಲಿ, ಬಲೆ ಮುಚ್ಚಿರಲಿ. ದೀಪದ ಬೆಳಕೂ ಆಚೆ ಹೋಗುತ್ತದೆ, ಗಾಳಿಯೂ ಆಡುತ್ತದೆ. ಇಬ್ಬರಿಗೂ ಒಪ್ಪಿಗೆಯಾಗುವ ಉಪಾಯ ಎಂದು ನನಗೆ ನಾನೇ ಶಹಭಾಸ್ ಹೇಳಿಕೊಂಡಿದ್ದೆ.

ಅತ್ತೆ ಬಲೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರು.

“ಲಕ್ಷ್ಮೀನ ಸೊಳ್ಳೆ ಅನ್ಕಂಡಿದ್ದಯ ಕೂಸು? ತೂತಲ್ಲಿ ನುಸ್ಕಂಡು ಬರಕ?”

ನನಗೆ ನಗು ಬಂತು, ಅವರಿಗೆ ಬರಲಿಲ್ಲ. ಜಗಳ ಆಡುವವರಲ್ಲ ಅವರು. ದೀಪದ ಹೊತ್ತಿಗೆ ನಾನು ಅಡಿಗೆಮನೆಗೆ ಹೋದ ಕೂಡಲೇ ಬಲೆಯ ಚಿಲಕ ಸರಿಸಿಬಿಡುತ್ತಿದ್ದರು. ನಾನು ಬಂದು ಹಾಕುವುದು, ಅವರು ತೆಗೆಯುವುದು, ಹೀಗೇ ಒಂದು ವಾರ ನಡೆಯಿತು. ಒಂದು ಸಂಜೆ ಕುಂಟಿ ತೆರೆದಿದ್ದ ಬಲೆ ಬಾಗಿಲಿನ ಸಂದಿಯಿಂದ ಹೊರಗೆ ಹೋಗಿ ಕಣದ ಮಧ್ಯೆ ನಿಂತಿದ್ದಳು. ಎತ್ತಿಕೊಂಡು ಒಳಗೆ ಓಡಿದೆ. ಮರುದಿನ ಬಲೆ ಬಾಗಿಲಿಗೆ ಬೀಗ ಹಾಕಿ ಕೀಲಿಯನ್ನು ನನ್ನ ಸರದಲ್ಲಿ ಪೋಣಿಸಿಕೊಂಡೆ. ಐದೂವರೆಗೆ ಎಲ್ಲರೂ ಒಳಗೆ, ಬೀಗ. ಯಜಮಾನರು ಬಂದಾಗ ಮಾತ್ರ ತೆಗೆಯುವುದು.

ಆವತ್ತು ಅತ್ತೆ ಐದು ಗಂಟೆಗೇ, ನಾನು ಬೀಗ ಹಾಕುವುದಕ್ಕೆ ಮೊದಲೇ, ಕಂಬಳಿ ಹೊದ್ದು, ದೀಪದ ತಟ್ಟೆ ಹಿಡಿದು ಜಗಲಿಗೆ ಹೋಗಿ ಕೂತರು.

“ಒಳಕ ಬನ್ನಿ ಅತ್ತೆಮ್ಮ, ಹೊತ್ತಾಯ್ತು.”

“ನೀ ಬೀಗ ಹಾಕ್ಕ ಕೂಸು. ನಾ ಇಲ್ಲೇ ಕೂತಿರ್ತೀನಿ.”

ಇನ್ನೊಂದು ಸಲ ಕರೆದೆ. ಬರಲಿಲ್ಲ. ಅವರದು ಹಟವಾದರೆ ನನ್ನದೇನು ಕಮ್ಮಿಯೇ? ಬೀಗ ಹಾಕಿದೆ. ಹೌದು, ಹಾಕಿದೆ. ಒಂದು ದಿನವಲ್ಲ, ಮೂರು ದಿನ. ಒಳಗೆ ನಿಂತು ಬಲೆಯ ಮೂಲಕ ಅವರ ಬೆನ್ನು ನೋಡುತ್ತಾ, ಎಷ್ಟು ಹೊತ್ತು ಕೂರುತ್ತಾರೋ ಕೂರಲಿ, ಚಳಿ ಹತ್ತಿದರೆ ತಾವೇ ಕರೆಯುತ್ತಾರೆ ಎಂದುಕೊಂಡೆ. ಬಂದದ್ದು ಚಿರತೆ, ಹಿಡಿಯುವುದು ನಾಯಿಯನ್ನು, ಮನುಷ್ಯರ ತಂಟೆಗೆ ಅದು ಬರುವುದಿಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕಾಡಂಚಿನಲ್ಲಿ ಇಷ್ಟು ವರ್ಷ ಬಾಳಿದವಳು ಆಡುವ ಮಾತಲ್ಲ ಅದು.

ಮೊದಲೆರಡು ದಿನ ದೀಪ ಆರಿದ ಮೇಲೆ ಅತ್ತೆಯನ್ನು ಒಳಗೆ ಸೇರಿಸಿಕೊಂಡಿದ್ದೆ. ಮೂರನೆಯ ಸಂಜೆ ಅದಕ್ಕೆ ಮೊದಲೇ ಯಜಮಾನರು ಬಂದರು. ಜೀಪಿನ ದೀಪದ ಬೆಳಕು ಜಗಲಿಯ ಮೇಲೆ ಬಿತ್ತು. ಹೊರಗೆ ಮುದುಡಿ ಕೂತ ಅವರಮ್ಮ, ಒಳಗೆ ಬಲೆಗೆ ಮೂಗು ಒತ್ತಿಕೊಂಡು ಅವರನ್ನೇ ನೋಡುತ್ತಿದ್ದ ಎರಡು ನಾಯಿ, ನಾಯಿಗಳ ಹಿಂದೆ ಕೊರಳಲ್ಲಿ ಕೀಲಿ ಹಾಕಿಕೊಂಡ ನಾನು. ಇಂಜಿನ್ ಆಫ್ ಮಾಡಿ ಬಂದು ಬಲೆಯ ಮುಂದೆ ನಿಂತರು.

“ನಾಯಿ ಒಳಗ. ನಮ್ಮವ್ವ ಆಚ. ಭೇಷಾಗದ ಕನ.”

ಅಷ್ಟೇ ಅಂದದ್ದು. ಊರಿಗೆ ಉಪಕಾರಿ ಮನೆಗೆ ಮಾರಿ ಎಂದು ಬೈದಿದ್ದರೂ ಅಷ್ಟು ನಾಟುತ್ತಿರಲಿಲ್ಲ. ಬೀಗ ತೆಗೆದು ಅತ್ತೆಯ ಕೈ ಹಿಡಿದು ಒಳಗೆ ಕರೆತಂದೆ. ಬೆಳಿಗ್ಗೆ ಕಣ ಗುಡಿಸಲು ಹೋದಾಗ ಪುಡಿಯ ಮೇಲೆ ಅದೇ ದುಂಡನೆಯ ಹೆಜ್ಜೆಗಳಿದ್ದವು, ಅತ್ತೆ ಕೂತಿದ್ದ ಜಾಗದಿಂದ ಹತ್ತು ಮಾರೂ ಇರಲಿಲ್ಲ. ಪೊರಕೆ ಹಿಡಿದುಕೊಂಡೇ ಅಲ್ಲೇ ಕುಕ್ಕರಿಸಿದೆ. ನಾಚಿಕೆಯಾಯಿತು. ಜೀವ ಉಳಿಸುತ್ತೇನೆ ಎಂದು ಹೊರಟವಳು ಒಂದು ಜೀವವನ್ನು ನಾನೇ ಹೊರಗೆ ಹಾಕಿ ಬೀಗ ಜಡಿದಿದ್ದೆ.

ಅತ್ತೆ ಒಲೆಯ ಮುಂದೆ ಕಾಫಿ ಕುಡಿಯುತ್ತಿದ್ದರು. ಹೋಗಿ ಅವರ ಕಾಲ ಬಳಿ ಕೂತು ಕೇಳಿದೆ.

“ನನ್ನಿಂದ ತಪ್ಪಾಯ್ತು ಅತ್ತೆಮ್ಮ. ಆದ್ರೂ ಕೇಳ್ತೀನಿ, ಈ ನಾಯಿಗಳ ಮ್ಯಾಲ ನಿಮ್ಗ ಒಂಚೂರೂ ಕನಿಕರ ಇಲ್ವ?”

ಅವರು ಲೋಟ ಕೆಳಗಿಟ್ಟರು.

“ಕೆಂಪೀನ ಚರಂಡಿಯಿಂದ ಎತ್ಕಂಡು ಬಂದೋಳು ನಾನು ಕನವ್ವ. ನನ್ನ ಕಾಲ್ಮ್ಯಾಲಿದ್ಲು. ಬಾಗ್ಲ ತಗದದ್ದು ಈ ಕೈಯಿ. ಈಗ ಮುಚ್ಚುದ್ರ, ಆವತ್ತು ಮುಚ್ಚಿದ್ರ ಅವ್ಳು ಇರೋಳು ಅಂತ ಆಯ್ತದಲ್ವ? ಹೆಂಗ್ ಮುಚ್ಚಲಿ?”

ಇಷ್ಟು ದಿನ ನಾನು ಶಾಸ್ತ್ರದ ಜೊತೆ ಹೊಡೆದಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅತ್ತೆ ಮಾತ್ರ ಕೆಂಪಿಯ ಸಾವನ್ನು ಆ ತೆರೆದ ಬಾಗಿಲಲ್ಲಿಟ್ಟುಕೊಂಡು ಒಬ್ಬರೇ ಕಾಯುತ್ತಿದ್ದರು. ಇಬ್ಬರೂ ಕೂತು ಅತ್ತೆವು. ಕುಂಟಿ ಬಂದು ನಮ್ಮಿಬ್ಬರ ಮಧ್ಯೆ ತೂರಿಕೊಂಡಳು, ಅಳುವಿಗಿಂತ ಒಲೆಯ ಬಿಸಿ ಅವಳಿಗೆ ಮುಖ್ಯವಾಗಿತ್ತು.

ಆದರೆ ಹಟ ಬಿಡಲಿಲ್ಲ ನಾನು, ಅದರ ದಾರಿ ಬದಲಾಯಿಸಿದೆ ಅಷ್ಟೇ. ಬಾಗಿಲು ಮುಚ್ಚುವುದು ಬೇಡ, ಜಗಲಿಯನ್ನೇ ಮುಚ್ಚೋಣ ಎಂದೆ. ಮುಚ್ಚಿದ ಒಂದು ರೆಸಾರ್ಟಿನ ಕೋಳಿಗೂಡಿನ ದಪ್ಪ ತಂತಿಯ ಬೇಲಿ ಹರಾಜಿಗೆ ಬಂದಿತ್ತು. ಯಜಮಾನರು ಅದನ್ನು ಸುರುಳಿ ಸುತ್ತಿ ಜೀಪಿನ ಮೇಲೆ ಹೇರಿಕೊಂಡು ಬಂದರು. ವೆಲ್ಡಿಂಗಿನವನು ಮಾಡಿನ ಅಂಚಿನಿಂದ ನೆಲದವರೆಗೆ ಕಂಬಿ ನಿಲ್ಲಿಸಿ ಇಡೀ ಜಗಲಿಗೆ ಬಲೆ ಬಿಗಿದ, ಬುಡಕ್ಕೆ ಕಾಂಕ್ರೀಟು ಹಾಕಿದ. ಮುಂಬಾಗಿಲಿನ ಬಲೆ ಬಾಗಿಲನ್ನೇ ಕಿತ್ತು ಒಂದು ಕಡೆ ಗೇಟು, ಗೇಟಿಗೆ ಒಳಗಿನಿಂದ ಅಗುಳಿ. ಈಗ ಮುಂಬಾಗಿಲು ಎಷ್ಟು ಬೇಕಾದರೂ ಹಾರು ಹೊಡೆದಿರಬಹುದು. ದೀಪ, ಅತ್ತೆ, ನಾಯಿ, ಬೆಕ್ಕು ಎಲ್ಲರೂ ಒಂದೇ ಬೋನಿನಲ್ಲಿ.

ಪ್ರಾಣಿ ನೋಡಲು ಬಂದ ಪ್ರವಾಸಿಗರು ರಸ್ತೆಯಲ್ಲಿ ಜೀಪು ನಿಲ್ಲಿಸಿ, ಬೋನಿನೊಳಗೆ ಕಾಫಿ ಕುಡಿಯುವ ನಮ್ಮ ಫೋಟೋ ತೆಗೆಯುತ್ತಾರೆ. ಇನ್ನು ಕಾಡಿಗೆ ಹೋಗುವುದು ಬೇಡ, ಸಫಾರಿ ಮನೆ ಮುಂದೆಯೇ ಎಂದು ಯಜಮಾನರು ತಮಾಷೆ ಮಾಡುತ್ತಾರೆ. ಊರಿನವರೂ ನಕ್ಕರು. ನಗಲಿ. ಆಮೇಲೆ ಮೂರು ಮನೆಯವರು ಬಂದು ಕಂಬಿಯ ಅಳತೆ ತೆಗೆದುಕೊಂಡು ಹೋದರು.

ಅತ್ತೆ ತಮ್ಮ ಹೊತ್ತಿಗೆ ಬಂದು, ಬಾಗಿಲು ಹಾರು ಹೊಡೆದು, ದೀಪ ಹಚ್ಚಿ ಕೂರುತ್ತಿದ್ದರು. ಗೇಟಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅದರ ಅಗುಳಿ ನನ್ನ ಪಾಲಿನ ಕೆಲಸ.

ಮೊದಲ ಮಳೆ ಬಿದ್ದ ವಾರ, ಒಂದು ಸಂಜೆ ದೊರೆ ಕಾಣಲಿಲ್ಲ. ಕಿವುಡನನ್ನು ಕೂಗಿ ಏನು ಪ್ರಯೋಜನ? ಕೋಲು ಟಾರ್ಚು ಹಿಡಿದು ಓಡಿದೆ. ನಾಲ್ಕನೇ ಮನೆಯವರ ಸಗಣಿ ಗುಡ್ಡೆಯ ಮೇಲೆ, ಬೆಚ್ಚಗಿದೆ ಎಂದು ಅಂಗಾತ ಮಲಗಿದ್ದ. ಕತ್ತಿನ ಪಟ್ಟಿ ಹಿಡಿದು ಎಳೆದರೆ ಬರಲೊಲ್ಲ, ಮೊಳೆ ನನಗೇ ಚುಚ್ಚುತ್ತದೆ. ಹಿಂದಿನಿಂದ ತಳ್ಳುತ್ತಾ, ಬೈಯುತ್ತಾ, ಕತ್ತಲು ಇಳಿಯುತ್ತಿದ್ದ ಬೀದಿಯಲ್ಲಿ ಮನೆ ಕಡೆ ಬಂದೆ. ಎಲ್ಲರ ಮನೆಯಲ್ಲೂ ದೀಪ ಹತ್ತಿತ್ತು. ನಮ್ಮದು ಕಪ್ಪಗಿತ್ತು.

ಅತ್ತೆ ದೀಪ ಹಚ್ಚದ ಸಂಜೆಯನ್ನು ನಾನು ಕಂಡೇ ಇರಲಿಲ್ಲ. ಬಿದ್ದರೋ, ಏನಾಯಿತೋ ಎಂದು ದೊರೆಯನ್ನು ಬಿಟ್ಟು ಓಡಬೇಕೆನ್ನಿಸಿತು. ಗೇಟಿನ ಹತ್ತಿರ ಬಂದಾಗ ಕಂಡರು. ಬಲೆಯ ಒಳಗೆ ನಿಂತಿದ್ದರು, ಒಂದು ಕೈ ಅಗುಳಿಯ ಮೇಲೆ, ಇನ್ನೊಂದು ಕೈಯಲ್ಲಿ ಬೆಂಕಿಪೊಟ್ಟಣ.

“ಅತ್ತೆಮ್ಮ, ದೀಪ?”

“ಮೊದ್ಲು ಆ ಕಿವುಡನ್ನ ಒಳಕ ತಳ್ಳು.”

ತಳ್ಳಿದೆ, ನಾನೂ ನುಗ್ಗಿದೆ. ಅವರೇ ಗೇಟು ಎಳೆದು ಅಗುಳಿ ಹಾಕಿದರು. ಸರಿಯಾಗಿ ಕೂತಿದೆಯೇ ಎಂದು ಎರಡು ಸಲ ಅಲ್ಲಾಡಿಸಿ ನೋಡಿದರು. ಬಗ್ಗಿ ದೊರೆಯ ಮೈಯೆಲ್ಲ ತಡವಿ, ಗಾಯವಿಲ್ಲ ಎಂದು ಖಾತ್ರಿ ಮಾಡಿಕೊಂಡರು.

“ಹೊತ್ತು ಮೀರೋಯ್ತಲ್ಲ ಅತ್ತೆಮ್ಮ,” ಎಂದೆ.

“ಮೀರ್ಲಿ. ಲಕ್ಷ್ಮಿ ಒಂದ್ಗಳಿಗ ಆಚ ನಿಂತ್ಕತಳ, ಅವ್ಳಗೇನಾಯ್ತದ? ಇವನ್ನ ಆಚ ಬುಟ್ಟು ನಾ ದೀಪ ಹಚ್ಚಲ್ಲ ಕನ ಕೂಸು. ಇನ್ನು ಹಚ್ಚಲ್ಲ.”

ಆಮೇಲೆ ಹೋಗಿ ಬಾಗಿಲು ಹಾರು ಹೊಡೆದು ಕಡ್ಡಿ ಗೀರಿದರು.