ಬಸವನಹುಳುವಿನ ಗುರುತು

ಎದ್ಮೆ ಪೆರ್ಸೋಗೆ ಎಪ್ಪತ್ತಾರು ವರ್ಷ. ಅದರಲ್ಲಿ ಇಪ್ಪತ್ತಮೂರು ವರ್ಷ ಆಕೆ ಲ ಲೋಕ್ಲ್ ಊರಿನ ಮೊರ್ವಾಯೆ ಗಡಿಯಾರ ಕಾರ್ಖಾನೆಯಲ್ಲಿ, ಉತ್ತರದ ಕಿಟಕಿಯ ಪಕ್ಕ ಕೂತು, ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮುಟದಲ್ಲಿ ಬಾಗಿಸಿ ಗಡಿಯಾರಗಳಿಗೆ ಸರಿಯಾದ ನಡಿಗೆ ಕಲಿಸಿದವಳು. ಆ ಕೆಲಸದವಳನ್ನು ಅಲ್ಲಿ ರೆಗ್ಲೂಸ್ ಅನ್ನುತ್ತಾರೆ. ಹೆಂಗಸರದೇ ಕೆಲಸ. ಗಂಡಸರ ಬೆರಳು ಇದಕ್ಕೆ ದಪ್ಪವಾಯಿತು ಎಂದು ಗಂಡಸರೇ ತೀರ್ಮಾನಿಸಿದ್ದರು. ಹೆಂಗಸರ ಸಂಬಳ ಸ್ಪ್ರಿಂಗಿನಷ್ಟೇ ತೆಳುವಾಗಿರಬೇಕು ಎಂದು ತೀರ್ಮಾನಿಸಿದವರೂ ಅವರೇ.

ಒಂದು ಸ್ಪ್ರಿಂಗಿಗೆ ಬೇರೆಯವರು ಒಂದು ಗಂಟೆ ತೆಗೆದುಕೊಂಡರೆ ಎದ್ಮೆಗೆ ಎರಡು ಗಂಟೆ ಬೇಕಾಗುತ್ತಿತ್ತು. ಆಕೆ ಸರಿಮಾಡಿದ ಗಡಿಯಾರ ವರ್ಷಗಟ್ಟಲೆ ವಾಪಸ್ ಬರುತ್ತಿರಲಿಲ್ಲ, ನಿಜ. ಆದರೆ ಮೇಸ್ತ್ರಿಗೆ ಕಾಣುತ್ತಿದ್ದದ್ದು ಆ ಎರಡು ಗಂಟೆ ಮಾತ್ರ. ಹಾಗಾಗಿ ಅವನು ಆಕೆಗೆ ಬಸವನಹುಳು ಎಂದು ಹೆಸರಿಟ್ಟ.

ರಿಪೇರಿ ಮಾಡಿದವರು ಗಡಿಯಾರದ ಮುಚ್ಚಳದ ಒಳಮೈಯಲ್ಲಿ ಸೂಜಿಯಿಂದ ತಮ್ಮ ಗುರುತನ್ನೂ ಇಸವಿಯನ್ನೂ ಗೀಚುವುದು ಆ ಕಡೆಯ ಹಳೇ ಪದ್ಧತಿ. ಗಂಡಸರಿಗೆಲ್ಲ ಒಂದೊಂದು ಅಂಕಿ ಕೊಟ್ಟಿದ್ದರು. ಹೆಂಗಸರಿಗೆ ಕೊಟ್ಟಿರಲಿಲ್ಲ. ಎದ್ಮೆ ಯಾರ ಅಪ್ಪಣೆಗೂ ಕಾಯದೆ, ಮೇಸ್ತ್ರಿ ಆಚೆ ತಿರುಗಿದಾಗ, ಭೂತಗನ್ನಡಿಯಲ್ಲೇ ಕಾಣುವಷ್ಟು ಸಣ್ಣದಾಗಿ ಒಂದು ಸುರುಳಿ, ಅದರ ತಲೆಗೆ ಎರಡು ಕೊಂಬು ಗೀಚುತ್ತಿದ್ದಳು. ಇಸವಿ ಬರೆದರೆ ಸಿಕ್ಕಿಬೀಳುವ ಭಯ. ಅದಕ್ಕೇ ಬರೆಯುತ್ತಿರಲಿಲ್ಲ.

1976ರಲ್ಲಿ ಜಪಾನಿನ ಬ್ಯಾಟರಿ ಗಡಿಯಾರಗಳು ಮಾರುಕಟ್ಟೆ ತುಂಬಿದವು. ಮಾಲೀಕರು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಇನ್ನು ಬೆರಳುಗಳ ಕಾಲ ಮುಗಿಯಿತು ಎಂದು ಭಾಷಣ ಮಾಡಿದರು. ಅವರ ಹತ್ತು ಬೆರಳಲ್ಲಿ ಐದಕ್ಕೆ ಉಂಗುರ ಇತ್ತು. ಹಳೇ ಸಲಕರಣೆಗಳನ್ನು ಲಾರಿಗೆ ತುಂಬಿ ಗುಜರಿಗೆ ಕಳಿಸಿದರು. ಎದ್ಮೆ ತನ್ನ ಚಿಮುಟಗಳನ್ನು ಏಪ್ರನ್ ಜೇಬಿನಲ್ಲಿ ಅಡಗಿಸಿಕೊಂಡು ಮನೆಗೆ ಬಂದಳು. ಜೊತೆಗೆ ಬಂದದ್ದು ಒಂದು ಕೆಲಸದ ಪ್ರಮಾಣಪತ್ರ. ಅದರಲ್ಲಿ ಇದ್ದದ್ದು: "ಮದಾಂ ಪೆರ್ಸೋ ನಮ್ಮಲ್ಲಿ ಸಹಾಯಕಿಯಾಗಿದ್ದರು."

ಸಹಾಯಕಿ! ಆ ಒಂದು ಪದ ಅವಳ ಎದೆಗೆ ನಾಟಿತು. ಆ ದೇಶದಲ್ಲಿ ಪ್ರಮಾಣಪತ್ರ ಇಲ್ಲದವನಿಗೆ ದನಿಯೂ ಇರುವುದಿಲ್ಲ. ಸಹಾಯಕಿ ಎಂಬ ಪತ್ರ ಹಿಡಿದವಳಿಗೆ ಸಿಕ್ಕಿದ್ದು ಚಾಕೊಲೇಟ್ ಡಬ್ಬಿ ಕಟ್ಟುವ ಕೆಲಸ, ಆಮೇಲೆ ಶಾಲೆ ಗುಡಿಸುವ ಕೆಲಸ. ಮೂರು ನಾಲ್ಕು ವರ್ಷಕ್ಕೊಮ್ಮೆ ಆಕೆ ಕಂಪನಿಗೆ ಕಾಗದ ಬರೆದಳು: ದುಡ್ಡು ಬೇಡ, ಸಹಾಯಕಿ ಅನ್ನುವುದನ್ನು ಹೊಡೆದು ರೆಗ್ಲೂಸ್ ಎಂದು ಬರೆಯಿರಿ. ಪ್ರತಿ ಸಲವೂ ಬಹಳ ಮರ್ಯಾದೆಯ ಉತ್ತರ ಬರುತ್ತಿತ್ತು. ಮರ್ಯಾದೆ ಬಿಟ್ಟರೆ ಅದರಲ್ಲಿ ಇನ್ನೇನೂ ಇರುತ್ತಿರಲಿಲ್ಲ.

ಈ ನಡುವೆ ಕಂಪನಿ ಬಾಗಿಲು ಮುಚ್ಚಿತು. ಹದಿನಾರು ವರ್ಷ ಮುಚ್ಚಿಯೇ ಇತ್ತು. ಹೆಸರನ್ನು ಮೂರು ಸಲ ಮಾರಿದರು, ಒಂದು ಸಲವಂತೂ ಲೋಸಾನಿನ ಒಬ್ಬ ಛತ್ರಿ ವ್ಯಾಪಾರಿಗೆ. ಎದ್ಮೆಯ ಕಾಗದಕ್ಕೆ ಅವನೂ ಮರ್ಯಾದೆಯ ಉತ್ತರ ಬರೆದ. ಕೊನೆಗೆ ಯಾರೋ ದುಡ್ಡಿದ್ದವರು ಕೊಂಡು, ಗಾಜಿನ ಕಟ್ಟಡ ಕಟ್ಟಿ, ಅದರ ಹಣೆಯ ಮೇಲೆ "ಮೊರ್ವಾಯೆ: 1788ರಿಂದ, ಒಂದು ದಿನವೂ ನಿಲ್ಲದೆ" ಎಂದು ಬರೆಸಿದರು. ಕೆಳಗೆ ಒಂದು ಸುರುಳಿಯ ಲಾಂಛನ. ಸುರುಳಿಗೇನು ಆ ಊರಲ್ಲಿ ಬರವೇ? ಎದ್ಮೆ ಅದನ್ನು ದಾಟಿಕೊಂಡು ದಿನಾ ಬ್ರೆಡ್ ತರುತ್ತಿದ್ದಳು, ಕತ್ತೆತ್ತಿ ನೋಡುತ್ತಿರಲಿಲ್ಲ.

ಇನ್ನೂರ ಇಪ್ಪತ್ತೈದನೇ ವರ್ಷದ ಉತ್ಸವಕ್ಕೆ ಮೂರು ದಿನ ಇದ್ದಾಗ ಅವಳ ಮನೆ ಬಾಗಿಲು ಬಡಿದವನು ಲೊಯಿಕ್ ಬಾರ್ಬೆ. ಕಂಪನಿಯ ಪರಂಪರಾ ನಿರ್ದೇಶಕ. ಜಿನೀವಾದವನು. ಮೊರ್ವಾಯೆಗಿಂತ ಮುಂಚೆ ಒಂದು ಮೊಸರಿನ ಕಂಪನಿಯ ಪರಂಪರೆ ನೋಡಿಕೊಂಡಿದ್ದನಂತೆ. ಕೈಯಲ್ಲಿ ಬಟ್ಟೆ ಸುತ್ತಿದ ಪೆಟ್ಟಿಗೆ, ಮುಖದಲ್ಲಿ ಬೆವರು.

"ಮದಾಂ ಪೆರ್ಸೋ, ಸ್ಥಾಪಕರ ಮೊದಲನೇ ಜೇಬುಗಡಿಯಾರ, ನಾವು ಹರಾಜಲ್ಲಿ ಕೊಂಡಿದ್ದು, ನಿಂತು ಹೋಗಿದೆ. ನಮ್ಮ ಹುಡುಗ್ರು ಹೊಸದನ್ನ ಕಂಪ್ಯೂಟರಲ್ಲಿ ಮಾಡ್ತಾರೆ, ಇದನ್ನ ಮುಟ್ಟೋಕೇ ಹೆದರ್ತಿದಾರೆ. ನಿಮ್ಮನ್ನ ಬಿಟ್ರೆ ಯಾರೂ ಇಲ್ಲ ಅಂತ ಊರಲ್ಲಿ ಹೇಳಿದ್ರು."

"ಸಹಾಯಕಿ ಹತ್ರ ಯಾಕಪ್ಪ ಬಂದ್ರಿ?" ಅಂದಳು ಎದ್ಮೆ. "ಮೊದ್ಲು ನನ್ನ ಪ್ರಮಾಣಪತ್ರ ಸರಿ ಮಾಡಿ. ಒಂದೇ ಪದ."

"ಖಂಡಿತ! ಉತ್ಸವ ಮುಗೀಲಿ, ಕಾನೂನು ವಿಭಾಗಕ್ಕೆ ಕಳಿಸಿ, ಅವರು ಪರಿಶೀಲಿಸಿ..."

"ಮೂವತ್ತೇಳು ವರ್ಷದಿಂದ ಪರಿಶೀಲಿಸ್ತಾನೇ ಇದಾರೆ. ಪಾಪ, ಕಣ್ಣು ನೋವು ಬಂದಿರ್ಬೇಕು."

ಆದರೂ ಆಕೆ ಗಡಿಯಾರ ತೆಗೆದುಕೊಂಡಳು. ನಿಂತ ಗಡಿಯಾರ ಕಣ್ಣ ಮುಂದಿದ್ದರೆ ಸುಮ್ಮನಿರುವುದು ಅವಳಿಂದ ಆಗದು. ಬಾರ್ಬೆಯ ಮುಂದೆ ಕಾಫಿಯನ್ನೂ ಒಣದ್ರಾಕ್ಷಿಯ ಸಿಹಿ ಬ್ರೆಡ್ಡನ್ನೂ ಇಟ್ಟು, ಕಿಟಕಿಯ ಪಕ್ಕ ಕೂತು, ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿ ಮುಚ್ಚಳ ತೆಗೆದಳು. ಒಳಗೆ ಸುರುಳಿ, ಎರಡು ಕೊಂಬು. 1961ರಲ್ಲಿ ಬರ್ನ್ ಕಡೆಯ ಯಾವುದೋ ವಕೀಲರ ಮನೆಯಿಂದ ಬಂದ ಗಡಿಯಾರ ಅದು, ಅವಳಿಗೆ ಚೆನ್ನಾಗಿ ನೆನಪಿತ್ತು.

"ಇದನ್ನ ಯಾರು ಗೀಚಿದ್ದು ಮೊಸ್ಯೂ?"

ಬಾರ್ಬೆ ಎದೆ ಉಬ್ಬಿಸಿದ. "ಸ್ಥಾಪಕರು! ನಮ್ಮ ಲಾಂಛನ ಹುಟ್ಟಿದ್ದೇ ಅಲ್ಲಿಂದ. ಪ್ಯಾರಿಸ್ಸಿನವರು ಒಂದು ವರ್ಷ ಕೂತು ಸಂಶೋಧನೆ ಮಾಡಿದ್ರು. ಆ ಸುರುಳಿ ಅಂದ್ರೆ ಅನಂತ ಕಾಲ. ಮೇಲಿನ ಎರಡು ಗೀಟು, ಒಂದು ವಿಜ್ಞಾನ, ಇನ್ನೊಂದು ಕಲೆ."

"ನಾನು ಕೊಂಬು ಅಂದ್ಕೊಂಡಿದ್ದೆ."

"ಕೊಂಬಾ?"

"ಬಸವನಹುಳು ಅಲ್ವಾ, ಅದಕ್ಕೆ. ನಾನೇ ಗೀಚಿದ್ದು ಕಣ್ರೀ, ಅರವತ್ತೊಂದರಲ್ಲಿ. ಈ ಸ್ಪ್ರಿಂಗೂ ನಾನೇ ಹಾಕಿದ್ದು."

ಬಾರ್ಬೆ ಅವಳನ್ನು ಕನಿಕರದಿಂದ ನೋಡಿದ, ವಯಸ್ಸಾದವರನ್ನು ನೋಡುವ ಹಾಗೆ. "ಮದಾಂ, ಮೊರ್ವಾಯೆ ಮೇಲೆ ನಿಮಗಿರೋ ಪ್ರೀತಿ ನಿಜಕ್ಕೂ ದೊಡ್ಡದು," ಅಂದು ಫೋನ್ ಬಂತೆಂದು ಅಡುಗೆಮನೆಗೆ ಹೋದ. ಅವಳಿಗೆ ಕೋಪ ಬಂತು. ಕೋಪದ ಕೈಯಲ್ಲಿ ಸ್ಪ್ರಿಂಗ್ ಮುಟ್ಟುವಂತಿಲ್ಲ. ಕಾಫಿ ಕುಡಿದು, ಕೈ ತಣ್ಣಗಾಗುವವರೆಗೆ ಕಾದು, ಆಮೇಲೆ ಬಗ್ಗಿದಳು. ಎರಡು ಗಂಟೆ ಹಿಡಿಯಿತು. ಗಡಿಯಾರ ನಡೆಯತೊಡಗಿತು. ರಿಪೇರಿ ಮುಗಿದ ಮೇಲೆ ಏನು ಮಾಡಬೇಕೋ ಅದನ್ನು ಮಾಡಿ ಮುಚ್ಚಳ ಹಾಕಿಕೊಟ್ಟಳು. ಅಡುಗೆಮನೆಯಲ್ಲಿ ಬಾರ್ಬೆ ಇನ್ನೂ ಯಾರಿಗೋ ಅನಂತ ಕಾಲದ ಬಗ್ಗೆ ಹೇಳುತ್ತಿದ್ದ.

ಉತ್ಸವದ ದಿನ ಹಳೇ ಕೆಲಸಗಾರರನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದರು, ಹೂಕುಂಡಗಳ ಪಕ್ಕದಲ್ಲೇ, ಅದೇ ಅಲಂಕಾರದ ಕೆಲಸಕ್ಕೆ. ಎದ್ಮೆಯ ಪಕ್ಕ ಜೊಜೆಟ್, ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಅವಳ ಪಕ್ಕದ ಬೆಂಚಿನಲ್ಲಿ ಕೂತವಳು, ಈಗ ಕಿವಿ ಸ್ವಲ್ಪ ಮಂದ. ವೇದಿಕೆಯ ಮೇಲೆ ಅಧ್ಯಕ್ಷರು ಕೈಗವಸು ತೊಟ್ಟು ಗಡಿಯಾರದ ಮುಚ್ಚಳ ತೆರೆದರು. ಕ್ಯಾಮೆರಾ ಅದನ್ನು ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ತೋರಿಸಿತು.

"ಇನ್ನೂರ ಇಪ್ಪತ್ತೈದು ವರ್ಷಗಳಿಂದ," ಅಧ್ಯಕ್ಷರು ಕಾಗದ ನೋಡಿ ಓದಿದರು, "ಸ್ಥಾಪಕರದ್ದಲ್ಲದೆ ಬೇರೆ ಯಾರ ಕೈಯೂ ಸೋಕದ ಈ ಗುರುತು..."

ಪರದೆಯ ಮೇಲೆ ಗುರುತು ಎರಡಿದ್ದವು. ಒಂದು ಮಾಸಿದ್ದು, ಒಂದು ಥಳಥಳ ಹೊಳೆಯುವುದು. ಹೊಳೆಯುವುದರ ಪಕ್ಕ ಮುದ್ದಾದ ಅಂಕಿಗಳಲ್ಲಿ: 2013.

ಜೊಜೆಟ್, ಕಿವಿ ಮಂದವಿದ್ದವರು ಮಾತಾಡುವಷ್ಟು ಜೋರಾಗಿ, "ಲೇ ಎದ್ಮೆ, ನಿನ್ ಬಸವನಹುಳು ಅಲ್ವೇನೇ ಅದು!" ಅಂದಳು. ಹಳಬರೆಲ್ಲ ಪರದೆ ನೋಡಿದರು, ಎದ್ಮೆಯನ್ನು ನೋಡಿದರು, ಆಮೇಲೆ ಒಬ್ಬೊಬ್ಬರೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಎದೆಯ ಮೇಲೆ ಬೆಳ್ಳಿಯ ಬಸವನಹುಳು ಚುಚ್ಚಿಕೊಂಡಿದ್ದ ಬಾರ್ಬೆ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಪತ್ರಿಕೆಯವರು ಮೈಕ್ ತಂದು ಎದ್ಮೆಯ ಮುಂದೆ ಹಿಡಿದರು.

"ರಿಪೇರಿ ಮಾಡಿದ್ಮೇಲೆ ಗುರುತು ಹಾಕ್ಬೇಕು," ಅಂದಳು ಅವಳು. "ಇಲ್ದಿದ್ರೆ ಮುಂದೆ ಬಿಚ್ಚೋರಿಗೆ ಯಾರನ್ನ ಬೈಬೇಕು ಅಂತ ಗೊತ್ತಾಗಲ್ಲ."

ಮೂವತ್ತೇಳು ವರ್ಷ ಪರಿಶೀಲಿಸಿದ ಕಾನೂನು ವಿಭಾಗ ಮೂರೇ ದಿನದಲ್ಲಿ ಚುರುಕಾಯಿತು. ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಬಂತು: "ಮದಾಂ ಎದ್ಮೆ ಪೆರ್ಸೋ 1953ರಿಂದ 1976ರವರೆಗೆ ನಮ್ಮಲ್ಲಿ ರೆಗ್ಲೂಸ್ ಆಗಿದ್ದರು. ಅವರ ಕೆಲಸ ತೃಪ್ತಿಕರವಾಗಿತ್ತು."

ಜೊಜೆಟ್ ಕುಣಿಯುವುದೊಂದು ಬಾಕಿ. ಎದ್ಮೆ ಕನ್ನಡಕ ಏರಿಸಿ ಮತ್ತೆ ಓದಿದಳು. ಬರೀ ತೃಪ್ತಿಕರ ಅಂದರೆ ಕೆಲಸ ಬರುತ್ತಿರಲಿಲ್ಲ ಎಂದರ್ಥ, ಅದು ಆ ದೇಶದ ಮಕ್ಕಳಿಗೂ ಗೊತ್ತು. ಯಾರನ್ನೂ ನೇರವಾಗಿ ಬೈಯದ ಜನ ಬೈಯುವುದು ಹಾಗೇ. ಕೆಂಪು ಪೆನ್ಸಿಲಿನಿಂದ ಒಂದು ಬಾಣ ಎಳೆದು, "ಸಂಪೂರ್ಣ ತೃಪ್ತಿಕರ" ಎಂದು ತಿದ್ದಿ, ಅದೇ ದಿನ ವಾಪಸ್ ಕಳಿಸಿದಳು.

"ಹುಚ್ಚಿ! ಇಷ್ಟು ಸಿಕ್ಕಿದ್ದೇ ಹೆಚ್ಚು, ಅದನ್ನೂ ಕಳ್ಕೋತೀಯ," ಜೊಜೆಟ್ ತಲೆ ಚಚ್ಚಿಕೊಂಡಳು.

"ಅರೆಬರೆ ಸರಿ ಮಾಡಿದ್ದನ್ನ ನಾನು ಯಾವತ್ತಾದ್ರೂ ಹೊರಗೆ ಕಳಿಸಿದ್ದೀನಾ?"

ಕಳಿಸಿದ ನಾಲ್ಕನೇ ದಿನ ತಿದ್ದಿದ ಪತ್ರ ಬಂತು. ಸಂಪೂರ್ಣ ಎಂಬ ಪದ ಇತ್ತು. ಎದ್ಮೆ ಅದನ್ನು ಮೂರು ಸಲ ಗಟ್ಟಿಯಾಗಿ ಓದಿದಳು. ಮೂರನೇ ಸಲ ರೆಗ್ಲೂಸ್ ಎಂಬಲ್ಲಿಗೆ ಬಂದಾಗ ಮೇಜಿನ ಮೇಲೆ ತಲೆಯಿಟ್ಟು ಮಗುವಿನ ಹಾಗೆ ಅತ್ತುಬಿಟ್ಟಳು. ಜೊಜೆಟ್ ಬೆನ್ನು ಸವರುತ್ತ ಕೂತಳು.

ಆಮೇಲೆ ಎದ್ಮೆ ಮುಖ ಒರೆಸಿಕೊಂಡು, ಭೂತಗನ್ನಡಿ ಸಿಕ್ಕಿಸಿಕೊಂಡು, ಪತ್ರವನ್ನು ಮಗುಚಿ ಹಾಕಿದಳು. ಹಿಂಬದಿಯ ಮೂಲೆಯಲ್ಲಿ ಸೂಜಿಯ ತುದಿಯಿಂದ ಒಂದು ಸುರುಳಿ, ಎರಡು ಕೊಂಬು, ಪಕ್ಕದಲ್ಲಿ ಇಸವಿ ಗೀಚಿದಳು.