ಎರಡಾಗಿ ಸೀಳಿದ ಎಲೆ

ಮಗ್ಗದ ಸದ್ದು ಕೇಳಿದರೆ ಈಗಲೂ ದೊಡ್ಡಬಳ್ಳಾಪುರದ ನಮ್ಮ ಹಿತ್ತಿಲು ಕಣ್ಣಿಗೆ ಬರುತ್ತದೆ. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಚಿಕ್ಕಮ್ಮನ ಗಿಡ. ಚಿಕ್ಕಮ್ಮನೂ ಸೇರಿ ನಾವೆಲ್ಲ ಒಟ್ಟಿಗೆ ಕೂತು ಉಂಡ ಕೊನೆಯ ದಿನ ಅದು ಮೊದಲ ಸಲ ಹೂ ಬಿಟ್ಟಿತ್ತು. ತಲೆ ತಗ್ಗಿಸಿದ ಗಂಟೆಯಂಥ ತಿಳಿಹಳದಿ ಹೂ; ಒಳಗೆ ಇಣುಕಿದರೆ ಒಣಗಿದ ಕುಂಕುಮದಂಥ ಕಪ್ಪುಗೆಂಪು ಮಚ್ಚೆ. ಎಲೆಯಂತೂ ನಾವೆಲ್ಲೂ ಕಾಣದ್ದು, ತುದಿಯಿಂದ ಸೀಳಿ ಎರಡಾಗಿತ್ತು. ಮದುವೆಯಾದ ವರ್ಷ ಚಿಕ್ಕಮ್ಮ ಹೊಸೂರಿನ ಆಚೆಯ ತನ್ನ ತವರಿನಿಂದ ಆ ಸಸಿಯನ್ನು ಒದ್ದೆಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಅವಳು ಹೇಳುತ್ತಿದ್ದ ತಮಿಳು ಹೆಸರು ನಮ್ಮ ಯಾರ ಬಾಯಿಗೂ ಹತ್ತಲಿಲ್ಲ.

“ನಿಮ್ಮೂರಲ್ಲಿ ಗಿಡಕ್ಕೂ ದನದ ಗೊರಸು ಇರ್ತದೇನೇ?” ಎಂದು ಚಿಕ್ಕಪ್ಪ ರೇಗಿಸಿದ.

“ಇರ್ತದೆ. ನಿಮ್ಮೂರಲ್ಲಿ ಮನುಷ್ರಿಗೇ ಕೊಂಬು ಇರಲ್ವಾ?”

ಅಜ್ಜಿಯೂ ನಕ್ಕಳು. ಆದರೆ ಚಿಕ್ಕಮ್ಮ ಹೂ ಬಿಡಿಸಿ ದೇವರ ಗೂಡಿನ ಕಡೆ ಹೊರಟಾಗ ತಡೆದಳು. “ಗುರುತಿಲ್ಲದ ಹೂವ ದೇವ್ರಿಗೆ ಇಕ್ಬಾರ್ದು ಕಣಮ್ಮೀ.”

“ನಮ್ಮ ಕಡೆ ಈಶ್ವರನಿಗೇ ಇಡೋದು ಅತ್ತೆ,” ಎಂದು ಚಿಕ್ಕಮ್ಮ ಮೆಲ್ಲಗೆ ಹೇಳಿದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

ಮಾರನೆಯ ಬೆಳಿಗ್ಗೆ ಚಿಕ್ಕಪ್ಪ ಮಗ್ಗಗಳಲ್ಲಿ ಪಾಲು ಕೇಳಿದ. ಅಪ್ಪ ಕೊಡುವುದಿಲ್ಲವೆಂದ. ಮಾತು ಬೆಳೆದು ಅಣ್ಣತಮ್ಮಂದಿರು ಕೈಕೈ ಮಿಲಾಯಿಸಿದರು. ಅಜ್ಜಿ ಹೆತ್ತ ಮಕ್ಕಳಿಬ್ಬರಿಗೂ ಒಂದು ಮಾತು ಅನ್ನಲಿಲ್ಲ. ಹಿತ್ತಿಲಿಗೆ ಹೋಗಿ ಒಂದು ಎಲೆ ಕಿತ್ತು ತಂದು ಎಲ್ಲರೆದುರು ಹಿಡಿದಳು.

“ನೋಡ್ರೋ, ಎಲೇನೇ ಎರಡು ಪಾಲಾಗೈತೆ. ಇಂಥದ್ದ ನೆಟ್ಟ ಮನೆ ಒಂದಾಗಿ ಉಳೀತದಾ? ಇವಳನ್ನ ತೌರಿಗೆ ಬಿಟ್ಟು ಬಾ.”

ಪಾಲು ಕೇಳಿದವನು ಚಿಕ್ಕಪ್ಪ. ಆದರೂ ಅವನೇ ಬಾಯಿ ಮುಚ್ಚಿಕೊಂಡು ಅವಳನ್ನು ಬಸ್ ಹತ್ತಿಸಿ ಬಂದ. ಗಿಡವನ್ನು ಬುಡಸಮೇತ ಕಿತ್ತರು. ವರ್ಷ ತುಂಬುವ ಮೊದಲೇ ಮನೆ ಎರಡಾಯಿತು. ಗಿಡವಿದ್ದ ಜಾಗದ ಮೇಲೇ ಗೋಡೆ ಎದ್ದಿತು. ಚಿಕ್ಕಪ್ಪ ಬೇರೆ ಮದುವೆಯಾದ. ಅದಕ್ಕೂ ಎಲ್ಲರೂ ಹೋಗಿ ಉಂಡು ಬಂದೆವು.

ಎಷ್ಟೋ ವರ್ಷಗಳ ಮೇಲೆ ಗಿಡಮರಗಳ ಪುಸ್ತಕವೊಂದರಲ್ಲಿ ಆ ಎಲೆ, ಆ ಹೂ, ಆ ಮಚ್ಚೆ ಕಂಡೆ. ಹಳದಿ ಮಂದಾರವಂತೆ. ಆ ಕುಲದ ಗಿಡಗಳ ಎಲೆ ಹಾಗೆಯೇ ಸೀಳಿರುತ್ತದಂತೆ. ಹೂ ಶಿವಪೂಜೆಗೆ ಸಲ್ಲುತ್ತದಂತೆ. ಓದಿ ಹೇಳೋಣವೆಂದರೆ ಅಜ್ಜಿ ಇರಲಿಲ್ಲ, ಅಪ್ಪ ಇರಲಿಲ್ಲ. ಇದ್ದ ಚಿಕ್ಕಪ್ಪನನ್ನು ಚಿಕ್ಕಮ್ಮನ ತವರು ಯಾವ ಊರೆಂದು ಕೇಳಿದೆ. “ಹೊಸೂರಿನ ಆಚೆ ಎಲ್ಲೋ ಕಣಪ್ಪಾ, ಮರ್ತೇಹೋಯ್ತು,” ಎಂದ.

ಚಿಕ್ಕಮ್ಮ ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ.