ಆಂಟಿ ಆರಿಸಿದ ದಪ್ಪ ಉಲ್ಲನ್

ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ ಕೂಡಲೇ ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಬಹಳ ವರ್ಷ ಮುಚ್ಚಿಟ್ಟ ಉಲ್ಲನ್ನಿನ ಬೆಚ್ಚನೆಯ ವಾಸನೆ. ಕಳೆದ ಭಾನುವಾರ ಈ ಚೀಲ ತಂದುಕೊಟ್ಟವರು ಮೇಲ್ಮನೆ ಆಂಟಿಯ ತಂಗಿ. ಕೆಂಗೇರಿ ಉಪನಗರದಿಂದ ಮೆಟ್ರೋ ಹತ್ತಿ ರಾಜರಾಜೇಶ್ವರಿನಗರದ ನಮ್ಮ ಮನೆ ಹುಡುಕಿಕೊಂಡು ಬಂದಿದ್ದರು. "ಅಟ್ಟ ಕ್ಲೀನ್ ಮಾಡ್ತಾ ಇದ್ದೆ ಕಣಮ್ಮ, ಸಿಕ್ತು. ಇದು ನಿಂದೇ," ಅಂದರು. ಅವರು ಹೋಗುವವರೆಗೂ ನಾನು ಅದನ್ನು ಬಿಚ್ಚಲಿಲ್ಲ. ಮುಟ್ಟಿದಾಗಲೇ ಏನೆಂದು ಗೊತ್ತಾಗಿತ್ತು.

ಮದುವೆಯಾದ ಹೊಸದರಲ್ಲಿ ನಾವು ವಿಜಯನಗರದಲ್ಲಿ ಬಾಡಿಗೆಗಿದ್ದೆವು. ಕೆಳಗೆ ನಾವು, ಮೇಲೆ ಆಂಟಿ ಮತ್ತು ಅವರ ತಂಗಿ. ಇಬ್ಬರೂ ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವ ಧೈರ್ಯ ನಮ್ಮ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ಆಂಟಿಯ ಬಾಯಿ ಅಂಥದ್ದು. ತಂಗಿ ಸ್ಕೂಲಿಗೆ ಪಾಠ ಹೇಳಲು ಹೋದರೆ, ಆಂಟಿ ಬಾಲ್ಕನಿಯಲ್ಲಿ ಕೂತು ಹೆಣೆಯುತ್ತಿದ್ದರು. ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ತೊಟ್ಟಿಲಿಗೆ ಹಾಕುವ ದಿನಕ್ಕೆ ಆಂಟಿಯ ಹೊದಿಕೆ ಬರಬೇಕು, ಬರುತ್ತಿತ್ತು. ತರಕಾರಿ ಗಾಡಿಯವನ ಮಗುವಿಗೂ ಸರಿ, ಮೂಲೆ ಮನೆ ಡಾಕ್ಟರ ಮೊಮ್ಮಗನಿಗೂ ಸರಿ.

ಆದರೆ ಒಂದು ಕಟ್ಟುನಿಟ್ಟು. ಹುಟ್ಟುವ ಮುಂಚೆ ಮಗುವಿನ ಹೆಸರಿನಲ್ಲಿ ಒಂದೆಳೆ ದಾರವೂ ಮನೆಗೆ ಬರಬಾರದು. ನಮ್ಮ ಕಡೆ ಹಿರಿಯರೆಲ್ಲ ಹೇಳುವುದೇ ಅದು. ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆ, ಹೊಸದೆಲ್ಲ ಆಮೇಲೆ. ಆಂಟಿ ಇದಕ್ಕೂ ಒಂದು ಉಪಾಯ ಕಂಡುಕೊಂಡಿದ್ದರು. ಬಸುರಿ ಹೆಂಗಸಿಗೆ ತಿಂಗಳು ತುಂಬುವ ಮೊದಲೇ ಮಾರ್ಕೆಟ್ಟಿನ ದಾರದಂಗಡಿಗೆ ಹೋಗಿ ಉಲ್ಲನ್ ಆರಿಸಿ, "ಎತ್ತಿಡಪ್ಪ, ಆಮೇಲೆ ತಗೋತೀನಿ," ಎಂದು ಬರುತ್ತಿದ್ದರು. ಆರಿಸುವುದು ಬೇರೆ, ಕೊಳ್ಳುವುದು ಬೇರೆ ಅಂತೆ! ದೇವರಿಗೇ ಟೋಪಿ ಹಾಕ್ತೀರಲ್ಲ ಆಂಟಿ ಎಂದು ನಾವು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ.

ಆರಿಸುವುದನ್ನಂತೂ ನೋಡಬೇಕಿತ್ತು. ಉಂಡೆಯಿಂದ ಒಂದೆಳೆ ಎಳೆದು ಬೆರಳ ತುದಿಯಲ್ಲಿ ಹೊಸೆಯುವರು, ಕಣ್ಣು ಮುಚ್ಚಿ. ಆಮೇಲೆ ಉಂಡೆಯನ್ನು ಕತ್ತಿನ ಹತ್ತಿರ ಒತ್ತಿಕೊಳ್ಳುವರು. ಎಳೆ ಉದುರಿದರೆ ಬೇಡ, ಮಗು ಬಾಯಿಗೆ ಹಾಕಿಕೊಳ್ಳುತ್ತದೆ. ಬಿಳಿ ಬೇಡ, ಎಣ್ಣೆ ನೀರು ಹಾಕಿದ ಮಗುವಿಗೆ ಸುತ್ತಿದರೆ ಎರಡೇ ದಿನಕ್ಕೆ ಕರೆಯಾಗುತ್ತದೆ. ದಪ್ಪ ಉಲ್ಲನ್ ಕಂಡರಂತೂ ಮುಖ ಸಿಂಡರಿಸುವರು. "ಅದು ಕಂಬಳಿ. ಕೂಸಿನ ಮೇಲೆ ಕಲ್ಲು ಹೇರ್ತೀಯಾ?" ಬೇರೆ ಯಾರಾದರೂ ಉಂಡೆ ಮುಟ್ಟಿದರೆ ಕೈಮೇಲೆ ಒಂದು ಏಟು.

ನನಗೆ ಮೊದಲ ಸಲ ನಿಂತದ್ದು ಮೂರನೇ ತಿಂಗಳಿಗೆ ಹೋಯಿತು. ಆಗ ಮೆಟ್ಟಿಲಿಳಿದು ಬಂದು ಮಾತಿಲ್ಲದೆ ಪಕ್ಕದಲ್ಲಿ ಕೂತವರು ಆಂಟಿ ಒಬ್ಬರೇ. ಉಳಿದವರೆಲ್ಲ ಏನೇನೋ ಸಮಾಧಾನ ಹೇಳಿದರು, ಒಂದೂ ನೆನಪಿಲ್ಲ. ಮತ್ತೆ ಬಸುರಿಯಾದಾಗ ನನಗೆ ಒಂದೇ ಹಂಬಲ: ಈ ಮಗು ಉಳಿಯಬೇಕು, ಆಂಟಿಯ ಹೊದಿಕೆ ಹೊದೆಯಬೇಕು. ಅದೊಂದು ಬಂದುಬಿಟ್ಟರೆ ಎಲ್ಲ ಸರಿಹೋದಂತೆ ಎಂದು ಯಾಕೋ ಮನಸ್ಸಿಗೆ ಅಂಟಿಕೊಂಡಿತ್ತು.

ಐದು ತುಂಬಿದ ಮೇಲೆ ಆಂಟಿ ನನ್ನನ್ನೇ ಅಂಗಡಿಗೆ ಕರೆದುಕೊಂಡು ಹೋದರು. ಹಾಗೆ ಬಸುರಿಯನ್ನೇ ಅವರು ಎಂದೂ ಕರೆದೊಯ್ದವರಲ್ಲ. ಅಂಗಡಿಯವರು ಉಂಡೆಗಳನ್ನು ಮುಂದೆ ಸುರಿದರು. ಆಂಟಿ ಎಳೆ ಹೊಸೆಯಲಿಲ್ಲ. ಒಂದು ಉಂಡೆ ಎತ್ತಿ ನನ್ನ ಕೈಗಿಟ್ಟರು.

"ನೀನೇ ನೋಡೇ. ಕೆನ್ನೆಗಿಟ್ಕೊಂಡು ಹೇಳು, ಚುಚ್ಚುತ್ತಾ?"

ನನಗೋ ಕಿರೀಟ ಇಟ್ಟಷ್ಟು ಖುಷಿ! ಒಂದೊಂದೇ ಕೆನ್ನೆಗಿಟ್ಟು ನೋಡಿದೆ. ಎಳೇ ಬಾಳೆಎಲೆಯ ಹಸಿರಿನದೊಂದು ತುಂಬ ಮೆತ್ತಗಿತ್ತು, ಆದರೆ ದಪ್ಪ. ಆಂಟಿ ಅದನ್ನೇ ಪಕ್ಕಕ್ಕಿಟ್ಟರು.

"ಇದಾ? ದಪ್ಪದ್ದು ಬೇಡ ಅಂತ ನೀವೇ ಬೈತೀರಲ್ಲ ಮೇಡಂ," ಅಂಗಡಿಯವರು ಅಂದರು.

"ದಪ್ಪ ಆದ್ರೆ ಬೇಗ ಮುಗಿಯುತ್ತೆ. ಎತ್ತಿಡಪ್ಪ."

ಹೆಣಿಗೆ ಕಡ್ಡಿಯನ್ನೂ ಬಿಟ್ಟು, ದೊಡ್ಡದೊಂದು ಕ್ರೋಶಾ ಕಡ್ಡಿ ನೋಡಿದರು. ಎರಡು ಕಡ್ಡಿಯ ಕೆಲಸಕ್ಕಿಂತ ಒಂದರದು ಸುಲಭ. ದಾರಿಯಲ್ಲಿ ನಾನು, "ಇಷ್ಟು ಅವಸರ ಇದ್ರೆ ಈಗ್ಲೇ ತಗೊಂಡು ಶುರು ಮಾಡಿಬಿಡಿ ಆಂಟಿ," ಅಂದೆ. ರಸ್ತೆ ಮಧ್ಯೆ ನಿಂತುಬಿಟ್ಟರು. "ಬಿಡ್ತು ಅನ್ನು! ನಿನ್ನ ವಿಷಯದಲ್ಲಿ ಆ ಆಟ ಆಡಲ್ಲ ನಾನು," ಅಂದರು. ಕಣ್ಣಲ್ಲಿ ನೀರಿತ್ತು. ಬಿಸಿಲಿಗೆ ಅಂದುಕೊಂಡೆ...

ಮಗಳು ಹುಟ್ಟಿದಳು, ಗಟ್ಟಿಯಾಗಿ ಅಳುತ್ತಲೇ ಹುಟ್ಟಿದಳು. ಬಾಣಂತನ ಸುಂಕದಕಟ್ಟೆಯ ತವರಿನಲ್ಲಿ. ತೊಟ್ಟಿಲಿಗೆ ಹಾಕುವ ದಿನ ಆಂಟಿ ಆಟೋದಲ್ಲಿ ಬಂದರು. ನನ್ನ ಕಣ್ಣು ಹೋದದ್ದು ಅವರ ಕೈಗೆ, ಏನು ಮುಚ್ಚುಮರೆ. ಕೈಯಲ್ಲಿ ಹೂವು ಹಣ್ಣು ಮಾತ್ರ. "ಮುಗಿದಿಲ್ಲ ಕಣೇ. ಪೂರ್ತಿ ಮಾಡಿ ಕೊಡ್ತೀನಿ," ಎಂದು ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಊಟಕ್ಕೆ ಕೂತಾಗ ಚಮಚ ಕೇಳಿದರು. ಬಾಳೆಎಲೆ ಊಟಕ್ಕೆ ಚಮಚ! "ಆಂಟಿ ಫಾರಿನ್ ಆಗ್ಬಿಟ್ರು," ಎಂದು ಪಂಕ್ತಿಯೆಲ್ಲ ನಕ್ಕಿತು. ಅವರೂ ನಕ್ಕರು. ಒಂದು ಮಾತಿಗೂ ತಿರುಗಿ ಬಯ್ಯದೆ ನಕ್ಕದ್ದು ಅದೇ ಮೊದಲು, ಅದು ನಮಗ್ಯಾರಿಗೂ ಹೊಳೆಯಲಿಲ್ಲ.

ಮಗಳಿಗೆ ಹಲ್ಲು ಬರುವ ಹೊತ್ತಿಗೆ ನಾವು ರಾಜರಾಜೇಶ್ವರಿನಗರಕ್ಕೆ ಬಂದಿದ್ದೆವು. ಫೋನ್ ಮಾಡಿದಾಗಲೆಲ್ಲ, "ಆಗ್ತಾ ಇದೆ, ಇನ್ನೊಂಚೂರು," ಎನ್ನುತ್ತಿದ್ದರು. ಆಮೇಲೆ ಫೋನನ್ನು ತಂಗಿಯೇ ಎತ್ತತೊಡಗಿದರು. ಆಮೇಲೆ ಒಂದು ದಿನ ಆಂಟಿ ಹೋದ ಸುದ್ದಿಯೇ ಬಂತು...

ಏನಾಗಿತ್ತು ಎಂದು ತಿಳಿದದ್ದು ಕಳೆದ ಭಾನುವಾರವೇ. ಚಪ್ಪಲಿ ಮೆಟ್ಟುತ್ತಾ ತಂಗಿ ಹೇಳಿದರು. "ಅಕ್ಕಂಗೆ ಬೆರಳು ಜೋಮು ಹಿಡಿದಿತ್ತಲ್ಲ, ನರದ ಕಾಯಿಲೆ. ನೀನು ಬಸುರಿ ಆದಾಗ್ಲೇ ಡಾಕ್ಟ್ರು ಹೇಳಿದ್ರು, ಕೈ ಪೂರ್ತಿ ಹೋಗುತ್ತೆ ಅಂತ. ಈಗ್ಲೇ ಹೆಣೆದಿಡೇ ಅಂದೆ. ಕೇಳ್ಲಿಲ್ಲ. ಆ ಹುಡುಗಿಗೆ ಒಂದ್ಸಲ ಹೋಗಿದೆ, ನಾನು ಮುಂಚೆ ಮುಟ್ಟಲ್ಲ ಅಂದ್ಳು."

ನಾನು ಗೇಟಿನವರೆಗೂ ಹೋಗಿ ಕಳಿಸಿ ಬಂದೆ. ಏನು ಮಾತಾಡಿದೆನೋ ನೆನಪಿಲ್ಲ. ಬೆರಳಿಗೆ ಎಳೆ ತಿಳಿಯುತ್ತಿರಲಿಲ್ಲ, ಅದಕ್ಕೇ ನನ್ನ ಕೆನ್ನೆ ಬೇಕಾಗಿತ್ತು. ಕೈಗೆ ಕಾಲ ಕಡಿಮೆಯಿತ್ತು, ಅದಕ್ಕೇ ದಪ್ಪ ಉಲ್ಲನ್. ಕೈಯಲ್ಲಿ ಕಸುವಿದ್ದ ಆ ನಾಲ್ಕು ತಿಂಗಳನ್ನು ನನ್ನ ಮಗುವಿಗೆ ಏನೂ ಆಗದಿರಲಿ ಎಂದು ಸುಮ್ಮನೆ ಕೂತು ಕಳೆದರಲ್ಲ! ಅಯ್ಯೋ, ಒಂದು ಮಾತು ಹೇಳಬಾರದಿತ್ತೇ ಆಂಟಿ?

ಚೀಲದಿಂದ ಹಸಿರು ಹೊದಿಕೆಯನ್ನು ತೆಗೆದು ಮಂಚದ ಮೇಲೆ ಹರಡಿದೆ. ಕೆಳಗಿನ ಸಾಲುಗಳು ಅಚ್ಚುಕಟ್ಟು. ಮೇಲೆ ಮೇಲೆ ಬಂದಂತೆ ಒಂದು ಕುಣಿಕೆ ಬಿಗಿ, ಒಂದು ಸಡಿಲ. ಕೊನೆಯ ಕುಣಿಕೆಯಲ್ಲಿ ಕ್ರೋಶಾ ಕಡ್ಡಿ ಹಾಗೇ ಇತ್ತು. ಕಡ್ಡಿ ಎಳೆದು ದಾರ ಜಗ್ಗಿದರೆ ಅಷ್ಟೂ ಬಿಚ್ಚಿಹೋಗುತ್ತದೆ ಎಂದು ಆಂಟಿಯೇ ಒಮ್ಮೆ ಹೇಳಿದ್ದರು. ನಾನು ಮುಟ್ಟಲಿಲ್ಲ.

ಟ್ಯೂಷನ್ನಿಂದ ಬಂದ ಮಗಳು ಪಕ್ಕದಲ್ಲಿ ಕೂತು ಅದನ್ನು ತೊಡೆಯ ಮೇಲೆ ಎಳೆದುಕೊಂಡಳು. ಈಗ ಅವಳು ನನಗಿಂತ ಎತ್ತರ, ಹೊದಿಕೆ ಮಂಡಿ ದಾಟಲಿಲ್ಲ. ಎಲ್ಲ ಹೇಳಿದೆ. ಹೊದಿಕೆಯ ಅಂಚು ಸವರುತ್ತಾ ಕೇಳಿದಳು:

"ಅಮ್ಮಾ, ಹುಟ್ಟಿದಾಗ ನಾನು ಎಷ್ಟುದ್ದ ಇದ್ದೆ?"

ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದೆ. "ಇಷ್ಟು. ಇದಕ್ಕಿಂತ ಒಂಚೂರು ಜಾಸ್ತಿ."

ಅವಳು ತನ್ನ ಮೊಣಕೈಯನ್ನು ಹೊದಿಕೆಯ ಒಂದು ಅಂಚಿಗಿಟ್ಟು ಕೈ ಚಾಚಿದಳು. ಬೆರಳ ತುದಿ ದಾಟಿ ಇನ್ನೂ ಗೇಣುದ್ದ ಹಸಿರು ಉಳಿದಿತ್ತು.

"ನಂಗೆ ಪೂರ್ತಿ ಆಗ್ತಿತ್ತಲ್ಲಮ್ಮ!"

ಆಗುತ್ತಿತ್ತು. ಕಾಲು ಮುಚ್ಚಿ, ಕತ್ತಿನವರೆಗೂ ಬರುತ್ತಿತ್ತು. ತೊಟ್ಟಿಲ ದಿನ ಸೆರಗಿನೊಳಗೆ ಕೈ ಮುಚ್ಚಿಕೊಂಡು ಬರುವ ಬದಲು ಇದನ್ನೇ ತಂದಿದ್ದರೆ ಸಾಕಾಗಿತ್ತು ಆಂಟಿ. ಅಷ್ಟೇ ಸಾಕಾಗಿತ್ತು.